ಮರದ ಬಾಣದಿಂದ ಕೈಖರ್ಚು ಹುಟ್ಟೀತೇ?

2008ರ ಅಕ್ಟೋಬರ್. ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳು ಮುಗ್ಗರಿಸುತ್ತಿದ್ದ ಹೊತ್ತು. ಅವನ್ನು ಉಳಿಸಿಕೊಳ್ಳಲು 700 ಬಿಲಿಯನ್ ಡಾಲರ್ ತೆಗೆದಿಡುವ ತುರ್ತು ಕಾನೂನು ಅಲ್ಲಿನ ಸಂಸತ್ತಿನಲ್ಲಿ ಪಾಸಾಯಿತು. ನೂರಾರು ಪುಟಗಳ ಆ ಕಾನೂನಿನ 503ನೇ ಸೆಕ್ಷನ್ನಿಗೂ ಬ್ಯಾಂಕುಗಳಿಗೂ ಏನೇನೂ ಸಂಬಂಧವಿಲ್ಲ. ಮಕ್ಕಳು ಬಳಸುವ ಮರದ ಬಾಣಗಳಿಗೆ ಎಕ್ಸೈಸ್ ಸುಂಕ ಬೇಡ ಎನ್ನುತ್ತದೆ ಅದು. ಒರೆಗಾನ್ ರಾಜ್ಯದ ಸೆನೆಟರುಗಳು ಮುಂದಿಟ್ಟಿದ್ದ ಬೇಡಿಕೆ ಹೇಗೋ ಈ ದೊಡ್ಡ ಕಾನೂನಿನ ಬೆನ್ನೇರಿ ಬಂದಿತ್ತು. ಪತ್ರಿಕೆಗಳು ಸಂಸದರನ್ನು ಬೇಕಾದಷ್ಟು ಗೇಲಿ ಮಾಡಿದವು. ಆದರೆ ಬಾಣ ಮಾಡುವವರಿಗೆ ಅದು ನಗುವ ವಿಷಯವಾಗಿರಲಿಲ್ಲ. ಅಮೆರಿಕದಲ್ಲಿ ಬಾಣದ ಒಂದೊಂದು ಕಡ್ಡಿಗೂ ಸುಂಕವಿದೆ. ಕಾನೂನಿನಲ್ಲಿ ಬರೆದ ಮೂಲ ದರ 39 ಸೆಂಟ್, ಹಣದುಬ್ಬರ ಏರಿದಂತೆ ಅದೂ ಏರುತ್ತದೆ. ಆ ವಿನಾಯಿತಿ ಬರುವ ತನಕ ದುಬಾರಿ ಕಾರ್ಬನ್ ಬಾಣಕ್ಕೂ ಅಷ್ಟೇ, ಶಾಲೆಯ ಹುಡುಗ ಬಿಡುವ ಮರದ ಬಾಣಕ್ಕೂ ಅಷ್ಟೇ ಇತ್ತು. ಮೊದಲನೆಯದಕ್ಕೆ ಆ ಸುಂಕ ಲೆಕ್ಕಕ್ಕೇ ಇರಲಿಲ್ಲ, ಎರಡನೆಯದಕ್ಕೆ ಕಡ್ಡಿಯ ಬೆಲೆಯನ್ನೇ ನುಂಗುವಷ್ಟಿತ್ತು.

ಸುಂಕದ ಈ ಕಥೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಮರದ ಬಾಣ ಎಂದರೆ ರಾಮಾಯಣದ ಸೀರಿಯಲ್ಲಿಗೋ ಮ್ಯೂಸಿಯಮ್ಮಿಗೋ ಸೇರಿದ ಸಾಮಾನು ಎಂದುಕೊಂಡವರೇ ಹೆಚ್ಚು. ಅದನ್ನು ಇವತ್ತಿಗೂ ಡಜನ್ ಲೆಕ್ಕದಲ್ಲಿ ಕೊಳ್ಳುವವರಿದ್ದಾರೆ, ಸಂಜೆ ಹೊತ್ತು ಮನೆಯ ಶೆಡ್ಡಿನಲ್ಲಿ ಕೂತು ಮಾಡಿ ಮಾರುವವರೂ ಇದ್ದಾರೆ. ಲಾಭ ಎಷ್ಟು ತೆಳು ಎಂದರೆ ಕಡ್ಡಿಯೊಂದಕ್ಕೆ ಕೆಲವೇ ಸೆಂಟ್ ಹೆಚ್ಚಾದರೂ ಕಸುಬು ಅಲುಗಾಡುತ್ತದೆ. ಕೈಕೆಲಸದಿಂದ ಒಂದಿಷ್ಟು ಹೆಚ್ಚಿನ ಆದಾಯ ಹುಟ್ಟಿಸಿಕೊಳ್ಳಬೇಕು ಎನ್ನುವವರು ಈ ಎರಡು ಸಂಗತಿಯನ್ನೂ ಒಟ್ಟಿಗೆ ನೋಡಬೇಕು. ನನ್ನ ಅಭಿಪ್ರಾಯ ಇಷ್ಟು: ಮರದ ಬಾಣದಿಂದ ಕೈಖರ್ಚಿಗೆ ಹಣ ಹುಟ್ಟುತ್ತದೆ, ಸಂಸಾರ ನಡೆಯುವುದು ಬಹಳ ಕಷ್ಟ. ಗಿರಾಕಿ ದುಡ್ಡು ಕೊಡುವುದು ಹನ್ನೆರಡು ಬಾಣವೂ ಒಂದೇ ತೂಕ, ಒಂದೇ ಬಾಗುಗುಣ ಇದ್ದಾಗ ಮಾತ್ರ. ಕುಸುರಿ, ಬಣ್ಣ, ಚಂದ ಎಲ್ಲ ಆಮೇಲಿನ ಮಾತು.

ಕೊಳ್ಳುವವರು ಯಾರು? ಒಲಿಂಪಿಕ್ಸಿನಲ್ಲಿ ನಾವು ಟಿ.ವಿ.ಯಲ್ಲಿ ನೋಡುವ ಬಾಣಗಳು ಕಾರ್ಬನ್ನಿನವು ಅಥವಾ ಕಾರ್ಬನ್ ಹೊದಿಸಿದ ಅಲ್ಯೂಮಿನಿಯಮ್ಮಿನವು, ಅಲ್ಲಿ ಮರಕ್ಕೆ ಜಾಗವಿಲ್ಲ. ಆದರೆ ಕಾಡುದಾರಿಯಲ್ಲಿ ಪ್ರಾಣಿಗಳ ಬೊಂಬೆಗೆ ಗುರಿಯಿಡುವ 3ಡಿ ಸ್ಪರ್ಧೆಯಲ್ಲಿ ಲಾಂಗ್‌ಬೋ ಎಂಬ ವಿಭಾಗವೇ ಬೇರೆ ಇದೆ. ಅದರಲ್ಲಿ ಮರದ ಬಾಣ, ಹಕ್ಕಿಯ ಗರಿ ಎಂಬುದು ನಿಯಮ. ಇಂಗ್ಲೆಂಡಿನಲ್ಲಿ ಉದ್ದಬಿಲ್ಲಿನ ಕ್ಲಬ್ಬುಗಳು ಇಂದಿಗೂ ಜೀವಂತ. ಅಮೆರಿಕದಲ್ಲಿ ಬಿಲ್ಲುಬೇಟೆ ಕಾನೂನುಬದ್ಧ, ಅದರಲ್ಲೂ ಹಳೇ ಕ್ರಮದ ಮರದ ಬಿಲ್ಲನ್ನೇ ಹಿಡಿಯುವ ಒಂದು ವರ್ಗ ಇದೆ. ಮಧ್ಯಯುಗದ ಯುದ್ಧಗಳನ್ನು ವೇಷ ಕಟ್ಟಿ ಮತ್ತೆ ಆಡಿ ತೋರಿಸುವ ತಂಡಗಳಿವೆ. ಮಕ್ಕಳ ಬೇಸಿಗೆ ಶಿಬಿರಗಳಿವೆ. 2012ರಲ್ಲಿ ‘ದ ಹಂಗರ್ ಗೇಮ್ಸ್’ ಸಿನಿಮಾ ಬಂದಾಗ ಅಮೆರಿಕದ ಬಿಲ್ಲುಗಾರಿಕೆ ತರಗತಿಗಳಿಗೆ ಹುಡುಗಿಯರು ಸಾಲುಗಟ್ಟಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಈ ಎಲ್ಲರಿಗೂ ಸಮಾನವಾದ ಒಂದು ಸಂಗತಿ ಕಸುಬಿನವರಿಗೆ ಅನುಕೂಲದ್ದು: ಮರದ ಬಾಣ ಮುರಿಯುತ್ತದೆ, ಪೊದೆಯಲ್ಲಿ ಕಳೆದುಹೋಗುತ್ತದೆ. ಬಿಲ್ಲು ಕೊಂಡವನು ಹತ್ತು ವರ್ಷ ಮತ್ತೆ ಬರದಿರಬಹುದು, ಬಾಣ ಕೊಂಡವನು ಮುಂದಿನ ಹಂಗಾಮಿಗೇ ಬರುತ್ತಾನೆ.

ಅಮೆರಿಕದ ಈ ಹವ್ಯಾಸಕ್ಕೆ ಒಂದು ಮೂಲಪುರುಷನ ಕಥೆಯೂ ಇದೆ, ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1911ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನ ಬಳಿ ಹಸಿದು ಬಳಲಿದ ಒಬ್ಬ ಆದಿವಾಸಿ ಕಾಣಿಸಿಕೊಂಡರು. ಬಿಳಿಯರ ದಾಳಿಗಳಿಂದ ನಾಶವಾಗಿದ್ದ ಯಾಹಿ ಜನರಲ್ಲಿ ಉಳಿದಿದ್ದ ಕೊನೆಯ ವ್ಯಕ್ತಿ. ಹೊರಗಿನವರು ಅವರನ್ನು ಇಶಿ ಎಂದು ಕರೆದರು. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯ ಮ್ಯೂಸಿಯಮ್ಮಿನಲ್ಲಿ ಅವರು ಬದುಕಿನ ಕೊನೆಯ ವರ್ಷಗಳನ್ನು ಕಳೆದರು, 1916ರಲ್ಲಿ ಕ್ಷಯದಿಂದ ತೀರಿಕೊಂಡರು. ಅವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಬಿಲ್ಲುಬಾಣ ಮಾಡುವುದನ್ನೂ ಬಿಡುವುದನ್ನೂ ಅವರಿಂದಲೇ ಕಲಿತರು. 1923ರಲ್ಲಿ ಪೋಪ್ ಬರೆದ ಪುಸ್ತಕ ಓದಿ ಸಾವಿರಾರು ಅಮೆರಿಕನ್ನರು ಬಿಲ್ಲು ಹಿಡಿದರು. ಇವತ್ತು ಅಲ್ಲಿನ ಶೆಡ್ಡುಗಳಲ್ಲಿ ನಡೆಯುವ ಬಾಣದ ಕೆಲಸದ ಒಂದು ಎಳೆ ಹೋಗಿ ಸೇರುವುದು ಇಶಿ ಅವರ ಕೈಗೇ.

ಅದೇ ಕ್ಯಾಲಿಫೋರ್ನಿಯಾದಲ್ಲಿ 1922ರಲ್ಲಿ ಡಗ್ ಈಸ್ಟನ್ ಎಂಬ ಹುಡುಗ ಮರದ ಬಿಲ್ಲುಬಾಣ ಮಾಡಿ ಮಾರಲು ಶುರು ಮಾಡಿದ. ಬಾಣಕ್ಕೆ ಬಳಸುತ್ತಿದ್ದುದು ಸೀಡರ್ ಮರ. ಕೆಲಸ ಅಚ್ಚುಕಟ್ಟು ಎಂದು ಹೆಸರಾಯಿತು, ಗಿರಾಕಿಗಳೂ ಬಂದರು. ಆದರೂ ಅವನಿಗೆ ಸಮಾಧಾನವಿರಲಿಲ್ಲ. ಒಂದೇ ಮರದಿಂದ ತೆಗೆದ ಎರಡು ಕಡ್ಡಿಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ. 1939ರಲ್ಲಿ ಅವನು ಅಲ್ಯೂಮಿನಿಯಂ ಕೊಳವೆಯ ಕಡೆ ತಿರುಗಿದ. 1941ರ ಅಮೆರಿಕನ್ ರಾಷ್ಟ್ರೀಯ ಸ್ಪರ್ಧೆಯನ್ನು ಲ್ಯಾರಿ ಹ್ಯೂಸ್ ಎಂಬ ಬಿಲ್ಲುಗಾರ ಗೆದ್ದದ್ದು ಈಸ್ಟನ್ನನ ಅಲ್ಯೂಮಿನಿಯಂ ಬಾಣದಿಂದ. ಇಂದು ಈಸ್ಟನ್ ಎಂದರೆ ಜಗತ್ತಿನ ಅತಿ ದೊಡ್ಡ ಬಾಣದ ಕಂಪನಿಗಳಲ್ಲಿ ಒಂದು. ಮರದ ಬಾಣದ ಕೈಕಸುಬಿನಿಂದ ಹೊರಟು ಸಾಮ್ರಾಜ್ಯ ಕಟ್ಟಿದ ಮನುಷ್ಯ ಮರವನ್ನು ಬಿಟ್ಟೇ ಅದನ್ನು ಕಟ್ಟಬೇಕಾಯಿತು. ಆವತ್ತು ಅವನನ್ನು ಕಾಡಿದ ಸಮಸ್ಯೆಯನ್ನು ಕೈಯಿಂದ ಬಗೆಹರಿಸಿ ಕೊಡುವುದಕ್ಕೇ ಇವತ್ತಿನ ಮರದ ಬಾಣದವರಿಗೆ ಹಣ ಸಿಗುತ್ತಿರುವುದು.

ಆ ಸಮಸ್ಯೆ ಏನೆಂದು ಸ್ವಲ್ಪ ಬಿಡಿಸಿ ನೋಡೋಣ. ಹೆದೆ ಬಿಟ್ಟ ಕೂಡಲೇ ಬಾಣ ನೆಟ್ಟಗೆ ಹೊರಡುತ್ತದೆ ಎಂಬುದು ನಮ್ಮ ಕಣ್ಣಿಗೆ ಕಾಣುವ ಮಾತು. ನಿಜದಲ್ಲಿ ಹಾಗಿಲ್ಲ. ಹಳೇ ಕಾಲದ ಬಿಲ್ಲಿನಲ್ಲಿ ಬಾಣ ಬಿಲ್ಲಿನ ಮಧ್ಯದಲ್ಲಿಲ್ಲ, ಪಕ್ಕಕ್ಕೆ ಒರಗಿಕೊಂಡಿರುತ್ತದೆ. ಹಿಂದಿನಿಂದ ಹೆದೆ ಜೋರಾಗಿ ನೂಕಿದಾಗ ಕಡ್ಡಿ ಬಾಗುತ್ತದೆ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೊರಬರುತ್ತದೆ, ಆ ಕಡೆ ಈ ಕಡೆ ಬಳುಕುತ್ತ ಸ್ವಲ್ಪ ದೂರ ಹೋದ ಮೇಲೆ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ಅಮೆರಿಕನ್ ವಿಜ್ಞಾನಿ ಅತಿವೇಗದ ಕ್ಯಾಮೆರಾದಿಂದ ಇದನ್ನು ಸೆರೆಹಿಡಿದು ತೋರಿಸಿದರು. ಹಾಗಾಗಿ ಬಾಣ ಎಷ್ಟು ಬಾಗಬೇಕೋ ಅಷ್ಟೇ ಬಾಗಬೇಕು. ಬಲಗೈ ಬಿಲ್ಲುಗಾರನಿಗೆ ಕಡ್ಡಿ ತೀರಾ ಬಿರುಸಾದರೆ ಬಾಣ ಗುರಿಯ ಎಡಕ್ಕೆ ಬೀಳುತ್ತದೆ, ತೀರಾ ಮೆದುವಾದರೆ ಬಲಕ್ಕೆ. ಈ ಬಾಗುಗುಣವನ್ನು ಕಸುಬಿನವರು ಸ್ಪೈನ್ ಎನ್ನುತ್ತಾರೆ.

ಸ್ಪೈನ್ ಅಳೆಯುವ ಸಾಧನ ತುಂಬ ಸರಳ. 26 ಇಂಚು ಅಂತರದಲ್ಲಿ ಎರಡು ಗೂಟ. ಅವುಗಳ ಮೇಲೆ ಕಡ್ಡಿಯನ್ನು ಅಡ್ಡ ಮಲಗಿಸಿ, ನಡುವೆ 2 ಪೌಂಡ್ ತೂಕ ತೂಗುಹಾಕಬೇಕು. ಕಡ್ಡಿ ಎಷ್ಟು ಇಂಚು ಕೆಳಗೆ ಜಗ್ಗಿತು ಎಂದು ಮುಳ್ಳು ತೋರಿಸುತ್ತದೆ. 26ನ್ನು ಆ ಅಳತೆಯಿಂದ ಭಾಗಿಸಿದರೆ ಪೌಂಡಿನ ಲೆಕ್ಕದಲ್ಲಿ ಸ್ಪೈನ್ ಸಿಕ್ಕಿತು. ಅರ್ಧ ಇಂಚು ಜಗ್ಗಿದರೆ 52 ಪೌಂಡ್. ಕಡ್ಡಿಗಳನ್ನು ಹೀಗೆ ಅಳೆದು 40ರಿಂದ 45, 45ರಿಂದ 50, 50ರಿಂದ 55 ಎಂದು ಐದೈದು ಪೌಂಡಿನ ಗುಂಪು ಮಾಡುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಬಾಣ ಉದ್ದವಾದಷ್ಟೂ ಅದರ ಬಿರುಸು ಕಡಿಮೆ, ಮೊನೆ ಭಾರವಾದಷ್ಟೂ ಕಡಿಮೆ. ಗಿರಾಕಿಯ ಬಿಲ್ಲಿನ ಬಲ ಎಷ್ಟು, ಅವನು ಎಷ್ಟು ಇಂಚು ಎಳೆಯುತ್ತಾನೆ, ಎಷ್ಟು ಭಾರದ ಮೊನೆ ಬೇಕು ಎಂಬುದನ್ನೆಲ್ಲ ಕೇಳಿ ತಿಳಿದ ಮೇಲೆಯೇ ಯಾವ ಗುಂಪಿನ ಕಡ್ಡಿ ಎಂದು ನಿರ್ಧರಿಸಬೇಕು.

ಆಮೇಲೆ ತೂಕ. ಬಾಣದ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಪೌಂಡಿಗೆ 7000 ಗ್ರೇನ್. 500 ಗ್ರೇನಿನ ಬಾಣ ಎಂದರೆ ಸುಮಾರು 32 ಗ್ರಾಂ. ಡಜನ್ನಿನ ಒಳಗೆ ಹೆಚ್ಚುಕಡಿಮೆ 10 ಗ್ರೇನಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಎಂದು ಒಳ್ಳೆಯ ಬಿಲ್ಲುಗಾರ ಬಯಸುತ್ತಾನೆ. ಹತ್ತು ಗ್ರೇನ್ ಎಂದರೆ ಒಂದು ಗ್ರಾಮಿಗೂ ಕಡಿಮೆ, ಅಕ್ಕಸಾಲಿಗನ ತಕ್ಕಡಿಯ ಲೆಕ್ಕ. ಸ್ಪೈನ್ ಹೊಂದುವ ಕಡ್ಡಿಗೆ ತೂಕ ಹೊಂದುವುದಿಲ್ಲ, ತೂಕ ಹೊಂದಿದ್ದರ ಎಳೆ ವಕ್ರ. ನೂರು ಕಡ್ಡಿ ತಂದು ಅಳೆಯಲು ಕೂತರೆ ಒಬ್ಬ ಗಿರಾಕಿಗೆ ಒಪ್ಪುವ ಹನ್ನೆರಡು ಆರಿಸುವುದರಲ್ಲೇ ಸಾಕುಸಾಕಾಗುತ್ತದೆ. ಉಳಿದ ಎಂಬತ್ತೆಂಟು ಮನೆಯಲ್ಲೇ ಕೂತವು. ಅವು ಮುಂದಿನ ಗಿರಾಕಿಗೆ ಆಗಬಹುದು, ಆಗದೆಯೂ ಇರಬಹುದು. ಹೊಸಬರ ಲೆಕ್ಕ ತಪ್ಪುವುದು ಇಲ್ಲೇ: ಈ ಕಸುಬಿಗೆ ಉಪಕರಣಕ್ಕಿಂತ ದಾಸ್ತಾನಿಗೆ ಹೆಚ್ಚು ಬಂಡವಾಳ ಬೇಕು. ತುಂಬ ದಾಸ್ತಾನು ಇಟ್ಟವನು ಹೇಳಿದ ಅಳತೆಯ ಡಜನ್ನನ್ನು ವಾರದಲ್ಲಿ ಕೊಡಬಲ್ಲ. ಇಲ್ಲದವನು ಆರಿಸಿಟ್ಟ ಡಜನ್ನನ್ನೇ ದೊಡ್ಡ ವ್ಯಾಪಾರಿಯಿಂದ ಹೆಚ್ಚು ಬೆಲೆಗೆ ತರಬೇಕು, ಲಾಭದ ಒಂದು ಪಾಲು ಅಲ್ಲೇ ಹೋಯಿತು.

ಮರದ ವಿಚಾರ. ಅಮೆರಿಕದಲ್ಲಿ ಬಾಣಕ್ಕೆ ಹೆಸರಾದದ್ದು ಪೋರ್ಟ್ ಆರ್ಫರ್ಡ್ ಸೀಡರ್. ಒರೆಗಾನಿನ ನೈಋತ್ಯ ಕರಾವಳಿ ಮತ್ತು ಅದಕ್ಕೆ ಅಂಟಿಕೊಂಡ ಕ್ಯಾಲಿಫೋರ್ನಿಯಾದ ಸಣ್ಣ ಪಟ್ಟಿಯಲ್ಲಿ ಬಿಟ್ಟರೆ ಇದು ಸಹಜವಾಗಿ ಬೇರೆಲ್ಲೂ ಬೆಳೆಯುವುದಿಲ್ಲ. ಹಗುರ, ನೇರ ಎಳೆ, ಕುಯ್ದರೆ ಶುಂಠಿಯಂಥ ಘಮ. 1950ರ ದಶಕದಿಂದ ಬೇರುಕೊಳೆ ರೋಗ ಈ ಮರಗಳನ್ನು ಕೊಲ್ಲುತ್ತಿದೆ, ದೊಡ್ಡ ಮರಗಳು ಅಪರೂಪವಾಗುತ್ತಿವೆ. ಬದಲಿಗೆ ಡಗ್ಲಸ್ ಫರ್, ಸ್ಪ್ರೂಸ್, ಪೈನ್, ಬರ್ಚ್ ಬಳಸುತ್ತಾರೆ. ಇಂಗ್ಲೆಂಡಿನಲ್ಲಿ ಆಶ್ ಮತ್ತು ಪಾಪ್ಲರ್ ಹಳೆಯ ಕಾಲದಿಂದ ಬಂದವು. ಮರ ಯಾವುದಾದರೂ ಎಳೆ ಕಡ್ಡಿಯ ಈ ತುದಿಯಿಂದ ಆ ತುದಿಗೆ ಓಡಬೇಕು. ಗಂಟು ಇರಬಾರದು, ಎಳೆ ನಡುವೆ ಓರೆಯಾಗಿ ಹೊರಬಿದ್ದಿರಬಾರದು.

ಮಾಡುವ ಕೆಲಸದಲ್ಲಿ ನನಗೆ ತುಂಬ ಇಷ್ಟವಾದದ್ದು ಗರಿ ಕೂರಿಸುವುದು, ಅತಿ ಹೆಚ್ಚು ಹೊತ್ತು ತಿನ್ನುವುದೂ ಅದೇ. ಟರ್ಕಿ ಕೋಳಿಯ ರೆಕ್ಕೆಯ ದೊಡ್ಡ ಗರಿ ಬೇಕು. ಎಡರೆಕ್ಕೆಯ ಗರಿಯ ಬಾಗು ಒಂದು ಕಡೆ, ಬಲರೆಕ್ಕೆಯದು ಇನ್ನೊಂದು ಕಡೆ. ಒಂದು ಬಾಣದ ಮೂರು ಗರಿಯೂ ಒಂದೇ ಕಡೆಯ ರೆಕ್ಕೆಯಿಂದ ಬಂದಿರಬೇಕು, ಬೆರೆಸಿದರೆ ಬಾಣ ಸುತ್ತುತ್ತ ಹೋಗುವ ಬದಲು ತಡಬಡಿಸುತ್ತದೆ. ಗರಿಯ ದಂಟನ್ನು ಉದ್ದಕ್ಕೆ ಸೀಳಿ, ತಳವನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಚಪ್ಪಟೆ ಮಾಡಬೇಕು. ಜಿಗ್ ಎಂಬ ಹಿಡಿಕೆಯಲ್ಲಿ ಕಡ್ಡಿಯನ್ನು ಕಚ್ಚಿಸಿ, ಗರಿಯ ತಳಕ್ಕೆ ಕೂದಲೆಳೆಯಷ್ಟು ಅಂಟು ಸವರಿ, ಒತ್ತಿ ಹಿಡಿದು ಒಣಗಲು ಬಿಡಬೇಕು. ಒಣಗಿದ ಮೇಲೆ ಕಡ್ಡಿಯನ್ನು 120 ಡಿಗ್ರಿ ತಿರುಗಿಸಿ ಎರಡನೆಯದು, ಮತ್ತೆ ತಿರುಗಿಸಿ ಮೂರನೆಯದು. ಡಜನ್ನಿಗೆ 36 ಗರಿ. ಒಂದೊಂದು ಹತ್ತು ನಿಮಿಷ ಹಿಡಿದರೂ ಒಂದೇ ಜಿಗ್ ಇದ್ದವನಿಗೆ ಆರು ಗಂಟೆ. ಆರು ಜಿಗ್ ಸಾಲಾಗಿ ಇಟ್ಟುಕೊಂಡವನಿಗೆ ಒಂದು ಗಂಟೆ. ಕೊನೆಗೆ ಕಾದ ತಂತಿಯಿಂದ ಗರಿಯನ್ನು ಸುಟ್ಟು ಆಕಾರ ಕೊಡುತ್ತಾರೆ. ಮನೆಯೆಲ್ಲ ಕೂದಲು ಸುಟ್ಟ ವಾಸನೆ, ಮನೆಯವರ ಒಪ್ಪಿಗೆ ಮೊದಲೇ ಪಡೆದಿರುವುದು ವಾಸಿ.

ಉಳಿದ ಕೆಲಸಗಳು ಬೇಗ ಕೈಗೆ ಹತ್ತುತ್ತವೆ. ಮೊನೆ ಕೂರುವ ತುದಿಯನ್ನು 5 ಡಿಗ್ರಿ, ಹೆದೆಗೆ ಕಚ್ಚುವ ತುದಿಯನ್ನು 11 ಡಿಗ್ರಿ ಓರೆಗೆ ಪೆನ್ಸಿಲ್ ಹೆರೆದಂತೆ ಹೆರೆಯಬೇಕು. ಸೊಟ್ಟ ಕಂಡಲ್ಲಿ ಅಂಗೈಯಿಂದ ಉಜ್ಜಿ ಬಿಸಿ ಮಾಡಿ ನೆಟ್ಟಗೆ ಮಾಡಬೇಕು. ವಾರ್ನಿಷ್ಷಿನಲ್ಲಿ ಅದ್ದಿ ಒಣಗಿಸಬೇಕು. ಗರಿಯ ಮುಂದೆ ಬಣ್ಣದ ಉಂಗುರಗಳನ್ನು ಬರೆಯುವುದುಂಟು, ಮೈದಾನದಲ್ಲಿ ಯಾರ ಬಾಣ ಯಾವುದೆಂದು ಗುರುತಿಗೆ. ಬಣ್ಣ ಚೆನ್ನಾಗಿ ಬರೆಯುವವರಿಗೆ ಗಿರಾಕಿಗಳು ಪ್ರೀತಿಯಿಂದ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ. ಆದರೆ ಅಳತೆ ಕೆಟ್ಟ ಬಾಣವನ್ನು ಯಾವ ಬಣ್ಣವೂ ಎರಡನೇ ಸಲ ಮಾರಿಕೊಡುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಇದು ಬರಿಯ ಉದಾಹರಣೆ, ಯಾರದೇ ಅಂಗಡಿಯ ದರಪಟ್ಟಿಯಲ್ಲ. ಅಮೆರಿಕದಲ್ಲಿ ಆರಿಸಿದ ಒಂದು ಡಜನ್ ಕಡ್ಡಿಗೆ 60 ಡಾಲರ್ ಎನ್ನಿ. ಗರಿ, ಮೊನೆ, ಅಂಟು, ವಾರ್ನಿಷ್, ಕಳಿಸುವ ಡಬ್ಬಿ ಸೇರಿ 40. ಖರ್ಚು 100. ಡಜನ್ನನ್ನು 180ಕ್ಕೆ ಮಾರಿದಿರಿ. ಉಳಿದದ್ದು 80. ಒಂದೊಂದೇ ಡಜನ್ ಮಾಡುವ ಹೊಸಬರಿಗೆ ಎಂಟು ಗಂಟೆ ಹಿಡಿದರೆ ಗಂಟೆಗೆ 10 ಡಾಲರ್. ಅಮೆರಿಕದ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 2009ರಿಂದ 7.25 ಡಾಲರಿನಲ್ಲೇ ನಿಂತಿದೆ, ಅದಕ್ಕೆ ಹೋಲಿಸಿದರೆ ಪರವಾಗಿಲ್ಲ. ಆದರೆ ಸೀಡರ್ ಬೆಳೆಯುವ ಒರೆಗಾನಿನಲ್ಲೇ ರಾಜ್ಯದ ಕನಿಷ್ಠ ಕೂಲಿ 14 ಡಾಲರಿಗಿಂತ ಹೆಚ್ಚು. ಅಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆದರೂ ಇದಕ್ಕಿಂತ ಜಾಸ್ತಿ ಸಿಗುತ್ತದೆ. ನಾಲ್ಕು ಡಜನ್ ಒಟ್ಟಿಗೆ ಮಾಡಿ, ಸಾಕಷ್ಟು ಜಿಗ್ ಇಟ್ಟುಕೊಂಡು, ಡಜನ್ನಿಗೆ ನಾಲ್ಕು ಗಂಟೆಗೆ ಇಳಿಸಿದರೆ ಗಂಟೆಗೆ 20 ಡಾಲರ್ ಆಗುತ್ತದೆ. ಇದು ಮರ್ಯಾದೆಯ ಸಂಪಾದನೆ. ಆದರೆ ಆಗ ತಿಂಗಳಿಗೆ ನಾಲ್ಕು ಡಜನ್ ಕೊಳ್ಳುವವರು ಬೇಕು. ತಿಂಗಳ ಕೊನೆಗೆ 320 ಡಾಲರ್. ಕಾರಿನ ಪೆಟ್ರೋಲಿಗೂ ಮಕ್ಕಳ ಟ್ಯೂಷನ್ನಿಗೂ ಆದೀತು, ಬಾಡಿಗೆಗೆ ಆಗದು.

ಅದರಲ್ಲೂ ತೆರಿಗೆ ಕಳೆಯಬೇಕು. ಅಮೆರಿಕದಲ್ಲಿ ಸ್ವಂತ ದುಡಿಮೆಯ ನಿವ್ವಳ ಆದಾಯ ವರ್ಷಕ್ಕೆ 400 ಡಾಲರ್ ಮುಟ್ಟಿದರೆ ಆದಾಯ ತೆರಿಗೆಯ ಜೊತೆಗೆ ಶೇಕಡಾ 15.3 ದರದ ಸ್ವಉದ್ಯೋಗ ತೆರಿಗೆ ಬೇರೆ ಇದೆ. ಬ್ರಿಟನ್ನಿನಲ್ಲಿ ಸ್ವಲ್ಪ ಉದಾರ, 2017ರಿಂದ ವರ್ಷಕ್ಕೆ 1000 ಪೌಂಡಿನವರೆಗಿನ ಪುಟ್ಟ ವ್ಯಾಪಾರದ ವರಮಾನಕ್ಕೆ ತೆರಿಗೆಯಿಲ್ಲ. ಇನ್ನು ಮೊದಲು ಹೇಳಿದ ಎಕ್ಸೈಸ್ ಸುಂಕ. ಸುಂಕ ಕಟ್ಟಿಯೇ ಬಂದ ಕಡ್ಡಿಯನ್ನು ವ್ಯಾಪಾರಿಯಿಂದ ಕೊಂಡು ಜೋಡಿಸಿದರೆ ಕಡ್ಡಿಯ ಸುಂಕ ಮತ್ತೆ ಕಟ್ಟಬೇಕಿಲ್ಲ. ಹಲಗೆ ಸೀಳಿ, ತಾನೇ ಕಡ್ಡಿ ಹೆರೆದು ಮಾರಿದವನು ಮಾತ್ರ ಕಾನೂನಿನ ಕಣ್ಣಲ್ಲಿ ತಯಾರಕನಾಗುತ್ತಾನೆ. ಮೂರು ತಿಂಗಳಿಗೊಮ್ಮೆ ಫಾರ್ಮ್ 720 ತುಂಬುವ ಹೊಣೆ ಅವನದು. ಅಪ್ಪಟ ಕೈಕೆಲಸ ಮಾಡಿದವನಿಗೇ ಹೊರೆ ಹೆಚ್ಚು ಎಂಬುದು ಬೇಸರದ ಸಂಗತಿ. ಈ ಸುಂಕದ ಹಣ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ ಎಂಬುದೊಂದು ಸಮಾಧಾನ.

ಹಣಕ್ಕಿಂತ ದೊಡ್ಡ ಮಾತು ಸುರಕ್ಷತೆಯದು. ಬಿರುಕು ಬಿಟ್ಟ ಮರದ ಬಾಣ ಹೆದೆಯ ಏಟಿಗೆ ನಡುವೆ ಮುರಿದರೆ ಅದರ ಚೂಪು ಸೀಳು ಬಿಲ್ಲು ಹಿಡಿದ ಕೈಯೊಳಗೆ ನುಗ್ಗುತ್ತದೆ. ಅದಕ್ಕಾಗಿಯೇ ಎಳೆ ಎತ್ತ ಹೊರಬೀಳುತ್ತದೆ ಎಂದು ನೋಡಿ, ಮುರಿದರೂ ಸೀಳು ಕೈಯಿಂದ ಆಚೆ ಹೋಗುವ ಹಾಗೆ ಕಡ್ಡಿಯನ್ನು ತಿರುಗಿಸಿ ಕೂರಿಸುತ್ತಾರೆ. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ, ಕಿವಿಗೊಟ್ಟು, ಚಿಟ್ ಎಂದ ಕಡ್ಡಿಯನ್ನು ಒಲೆಗೆ ಹಾಕಬೇಕು, ಎಷ್ಟೇ ಬೆಲೆಯದ್ದಾಗಿರಲಿ. ರಾಟೆ ಇರುವ ಕಾಂಪೌಂಡ್ ಬಿಲ್ಲಿಗೆ ಮರದ ಬಾಣ ಬೇಡವೇ ಬೇಡ, ಹಾಗೆಂದು ಪ್ರತಿ ಪೊಟ್ಟಣದ ಮೇಲೂ ಬರೆಯಬೇಕು. ಹೊಣೆಗಾರಿಕೆಯ ವಿಮೆ ಮಾಡಿಸದೆ ಅಪರಿಚಿತರಿಗೆ ಬಾಣ ಮಾರುವುದನ್ನು ನಾನು ಒಪ್ಪುವುದಿಲ್ಲ. ವಿಮೆಯ ಕಂತು ಕಟ್ಟಿದ ಮೇಲೂ ಲಾಭ ಉಳಿಯುತ್ತದೆಯೇ ಎಂದು ಕೇಳಿಕೊಳ್ಳಬೇಕು, ಉಳಿಯದಿದ್ದರೆ ಗೆಳೆಯರಿಗೆ ಮಾಡಿಕೊಟ್ಟು ಸುಮ್ಮನಿರುವುದು ಮೇಲು.

ಹೆಚ್ಚು ಬೆಲೆ ಸಿಗುವ ಒಂದು ಮೂಲೆ ಈ ಮಾರುಕಟ್ಟೆಯಲ್ಲಿದೆ: ಇತಿಹಾಸದ ಪ್ರತಿಕೃತಿಗಳು. 1545ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಮುಳುಗಿದ ಮೇರಿ ರೋಸ್ ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರೊಳಗೆ 3500ಕ್ಕೂ ಹೆಚ್ಚು ಬಾಣಗಳು ಸಿಕ್ಕವು, ಬಹುಪಾಲು ಪಾಪ್ಲರ್ ಮರದವು. ಅಲ್ಲಿಯವರೆಗೆ ಚಿತ್ರ ನೋಡಿ ಊಹಿಸುತ್ತಿದ್ದವರಿಗೆ ಅಸಲು ಅಳತೆಯೇ ಕೈಗೆ ಬಂತು. ಅರ್ಧ ಇಂಚು ದಪ್ಪದ ಕಡ್ಡಿ, ಉದ್ದನೆಯ ಗರಿ, ಗರಿಯ ನಡುವೆ ರೇಷ್ಮೆ ದಾರದ ಸುತ್ತು, ಕಮ್ಮಾರ ಬಡಿದ ಮೊನೆ. ಇಂಥ ಒಂದು ಬಾಣಕ್ಕೆ ಸಾದಾ ಬಾಣದ ಹಲವು ಪಟ್ಟು ಬೆಲೆ ಕೊಡುವವರಿದ್ದಾರೆ. ಬಲವಾದ ಕಾರಣವೂ ಇದೆ, ಯಂತ್ರ ಇದನ್ನು ಮಾಡುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಕಸುಬಿನ ಮರ್ಯಾದೆ ಹಳೆಯದು. ಲಂಡನ್ನಿನಲ್ಲಿ ಬಾಣ ಮಾಡುವವರು ಬಿಲ್ಲು ಮಾಡುವವರಿಂದ ಬೇರೆಯಾಗಿ ತಮ್ಮದೇ ಸಂಘ ಕಟ್ಟಿಕೊಂಡದ್ದು 1371ರಲ್ಲಿ. ಫ್ರಾನ್ಸಿನ ವಿರುದ್ಧ ಇಂಗ್ಲಿಷ್ ಬಿಲ್ಲುಗಾರರು ಹೆಸರು ಮಾಡಿದ ಅಜಿನ್‌ಕೋರ್ಟ್ ಕಾಳಗ ನಡೆದ ಮರುವರ್ಷ, 1416ರಲ್ಲಿ, ಮರದ ಪಾದರಕ್ಷೆ ಮಾಡುವವರು ಆಸ್ಪೆನ್ ಮರ ಮುಟ್ಟಬಾರದು, ಅದು ಬಾಣಕ್ಕೇ ಮೀಸಲು ಎಂದು ಅಲ್ಲಿನ ಪಾರ್ಲಿಮೆಂಟು ಕಾನೂನು ಮಾಡಿತು.

ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಿಗೆ ಇಲ್ಲೊಂದು ಮಾತು. ವಾರಾಂತ್ಯದಲ್ಲಿ ಬಿಲ್ಲುಗಾರಿಕೆ ಕಲಿಯುವ ಸಾಫ್ಟ್‌ವೇರ್ ಮಂದಿ ಅಲ್ಲಿ ಕಡಿಮೆಯೇನಿಲ್ಲ, ಬಾಣ ಮಾಡುವುದು ಅವರಿಗೆ ಸಹಜವಾಗಿ ಹಿಡಿಸುವ ಹವ್ಯಾಸ. ಆದರೆ ಎಚ್-1ಬಿ ವೀಸಾದಲ್ಲಿರುವವರು ವೀಸಾ ಯಾವ ಸಂಸ್ಥೆಯ ಹೆಸರಿನಲ್ಲಿದೆಯೋ ಅಲ್ಲಿ ಮಾತ್ರ ದುಡಿಯಬಹುದು. ಶೆಡ್ಡಿನಲ್ಲಿ ಬಾಣ ಮಾಡಿ ಮಾರುವುದೂ ದುಡಿಮೆಯೇ. ಕೆಲಸದ ಪರವಾನಗಿ ಇಲ್ಲದ ಎಚ್-4 ಸಂಗಾತಿಗೂ ಇದೇ ಮಾತು. ನೂರು ಡಾಲರಿನ ಆಸೆಗೆ ಗ್ರೀನ್ ಕಾರ್ಡಿನ ದಾರಿಗೆ ಕಲ್ಲು ಹಾಕಿಕೊಳ್ಳಬೇಡಿ. ನಿಮಗಾಗಿ ಮಾಡಿಕೊಳ್ಳಿ, ಉಡುಗೊರೆ ಕೊಡಿ, ಮಾರುವ ಮೊದಲು ವಲಸೆ ವಕೀಲರನ್ನು ಕೇಳಿ.

ನಮ್ಮ ದೇಶದಲ್ಲಿ? ಇಲ್ಲಿ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ, ಇರಲೇಬೇಕು. ಅಮೆರಿಕದ ದೊಡ್ಡ ಗಿರಾಕಿವರ್ಗವೇ ಇಲ್ಲಿ ಇಲ್ಲ ಎಂದಾಯಿತು. ಅಂದಮಾತ್ರಕ್ಕೆ ಬಾಣಕ್ಕೆ ಬೇಡಿಕೆಯೇ ಇಲ್ಲವೆಂದಲ್ಲ. ನಮ್ಮ ಕಿರಿಯರ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವಿದೆ, ಬಿದಿರಿನ ಬಿಲ್ಲಿನಲ್ಲಿ 50 ಮತ್ತು 30 ಮೀಟರ್ ದೂರದ ಗುರಿ. ಜಾರ್ಖಂಡಿನ ದೀಪಿಕಾ ಕುಮಾರಿ, ರಾಜಸ್ಥಾನದ ಲಿಂಬಾ ರಾಮ್ ಅಭ್ಯಾಸ ಶುರು ಮಾಡಿದ್ದು ಬಿದಿರಿನ ಬಿಲ್ಲುಬಾಣದಿಂದಲೇ. ಮೇಘಾಲಯದ ಶಿಲ್ಲಾಂಗಿನಲ್ಲಿ ತೀರ್ ಎಂಬ ಆಟ ನಡೆಯುತ್ತದೆ. ಖಾಸಿ ಬಿಲ್ಲುಗಾರರು ಸಾಲಾಗಿ ಕೂತು ಒಂದೇ ಗುರಿಗೆ ನೂರಾರು ಬಾಣ ಬಿಡುತ್ತಾರೆ, ನಾಟಿದ ಬಾಣಗಳ ಸಂಖ್ಯೆಯ ಕೊನೆಯ ಎರಡು ಅಂಕಿಯ ಮೇಲೆ ಜನ ಬಾಜಿ ಕಟ್ಟುತ್ತಾರೆ. 1980ರ ದಶಕದಿಂದ ಅದು ಕಾನೂನುಬದ್ಧ. ಬಾಜಿಯ ಬಗ್ಗೆ ನನಗೆ ಒಲವಿಲ್ಲ, ಆದರೆ ಆ ಊರಿನಲ್ಲಿ ಬಿದಿರಿನ ಬಾಣಕ್ಕೆ ದಿನದ ಬಳಕೆ ಇದೆ ಎಂಬುದಂತೂ ಸತ್ಯ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಸೀಡರ್ ತರಿಸುವ ಗೋಜಿಗೆ ಹೋಗದೆ ಬಿದಿರನ್ನೇ ನೋಡುವುದು ಒಳ್ಳೆಯದು. ಜಪಾನ್, ಕೊರಿಯಾ, ಭೂತಾನಗಳಲ್ಲಿ ಶತಮಾನಗಳಿಂದ ಬಾಣಕ್ಕೆ ಬಳಸಿದ್ದು ಸಣ್ಣ ಬಿದಿರನ್ನೇ. ಗೆಣ್ಣನ್ನು ಹೆರೆದು, ಕೆಂಡದ ಶಾಖಕ್ಕೆ ಹಿಡಿದು ಸೊಟ್ಟ ತೆಗೆದರೆ ಮರಕ್ಕಿಂತ ಗಟ್ಟಿ. ನಮ್ಮ ಮೇದಾರರಿಗೆ ಬಿದಿರಿನ ಎಳೆ ಅಂಗೈಗೆರೆಯಷ್ಟೇ ಪರಿಚಿತ. ಕಾನೂನಿನ ಒಂದು ತೊಡಕೂ ಈಗಿಲ್ಲ. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯ ‘ಮರ’ ಎಂಬ ಪಟ್ಟಿಯಲ್ಲಿಲ್ಲ. ಗರಿಗೆ ಬಾತು, ಕೋಳಿ, ಟರ್ಕಿ ಸಾಕುವವರಿದ್ದಾರೆ. ನವಿಲುಗರಿಯ ಮೋಹ ಬೇಡ. ತಾನಾಗಿ ಉದುರಿದ ಗರಿಯನ್ನು ದೇಶದೊಳಗೆ ಬಳಸಲು ಅವಕಾಶವಿದ್ದರೂ ಹೊರದೇಶಕ್ಕೆ ಕಳಿಸುವುದು ಅಪರಾಧ. ಯಾವುದೇ ಹಕ್ಕಿಯ ಗರಿ ಇರುವ ಸಾಮಾನಿಗೂ ಬೇರೆ ದೇಶಗಳ ಆಮದು ನಿಯಮಗಳು ಕಟ್ಟುನಿಟ್ಟು. ಹಾಗಾಗಿ ಮೊದಲ ಗಿರಾಕಿಯನ್ನು ಹತ್ತಿರದಲ್ಲೇ ಹುಡುಕಬೇಕು. ಕ್ರೀಡಾ ಶಾಲೆಯ ತರಬೇತುದಾರರು, ಬಿದಿರಿನ ಬಿಲ್ಲಿನಲ್ಲಿ ಕಲಿಯುತ್ತಿರುವ ಮಕ್ಕಳ ತಂದೆತಾಯಿ, ನಾಟಕ ಮತ್ತು ಸಿನಿಮಾಕ್ಕೆ ಸಾಮಾನು ಒದಗಿಸುವವರು.

ನಮ್ಮ ಕ್ರೀಡಾ ಇಲಾಖೆಗೂ ಬಿಲ್ಲುಗಾರಿಕೆ ಸಂಸ್ಥೆಗಳಿಗೂ ಒಂದು ವಿನಂತಿ. ಕಲಿಯುವ ಮಕ್ಕಳಿಗೆ ಬಾಣ ಕೊಳ್ಳುವಾಗ ಊರಿನ ಬಿದಿರು ಕೆಲಸದವರನ್ನೂ ಕರೆಯಿರಿ, ಒಂದು ಸ್ಪೈನ್ ಅಳೆಯುವ ಸಾಧನ, ಒಂದು ಸಣ್ಣ ತಕ್ಕಡಿ ಕೊಟ್ಟು ಎರಡು ದಿನ ತರಬೇತಿ ಕೊಡಿ. ಅವರ ಕೈಯಲ್ಲಿ ಇಲ್ಲದಿರುವುದು ಆ ಅಳತೆ ಮಾತ್ರ.

ನೀವೇ ಶುರು ಮಾಡುವವರಾದರೆ ಜಿಗ್ಗು, ಯಂತ್ರ ಎಂದು ಮೊದಲೇ ದುಡ್ಡು ಸುರಿಯಬೇಡಿ. ಎರಡು ಗೂಟ, ಒಂದು ತೂಕದ ಬಟ್ಟು, ಒಂದು ಅಳತೆಪಟ್ಟಿಯಿಂದ ಸ್ಪೈನ್ ಅಳೆಯುವುದನ್ನು ಕಲಿಯಿರಿ. ಮೊದಲ ಡಜನ್ನನ್ನು ಮಾರಬೇಡಿ. ಚೆನ್ನಾಗಿ ಗುರಿಯಿಡುವ ಒಬ್ಬ ಬಿಲ್ಲುಗಾರನಿಗೆ ಕೊಟ್ಟು, ಬಾಣಕ್ಕೊಂದು ನಂಬರ್ ಬರೆದು, ಯಾವುದು ಎಲ್ಲಿ ಬಿತ್ತೆಂದು ಗುರುತು ಹಾಕಿಸಿಕೊಳ್ಳಿ. ಹನ್ನೆರಡರಲ್ಲಿ ಹತ್ತು ಒಂದೇ ಕಡೆ ಬಿದ್ದರೆ ಮುಂದಿನ ಡಜನ್ನಿಗೆ ಬೆಲೆ ಹೇಳಿ, ಬೀಳದಿದ್ದರೆ ಮತ್ತೆ ಅಳೆಯಲು ಕೂತುಕೊಳ್ಳಿ.